ದೋಷವರದಿ ಮತ್ತು ತಿದ್ದುಪಡಿಗಳ ನಡುವಣ ಕೊಂಡಿ: ಕನ್ನಡ ಲಿಪಿಯ ಎರಡು ನಿದರ್ಶನಗಳ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಸಾರಾಂಶ

ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಬಳಕೆದಾರರ ದೋಷವರದಿಯನ್ನೂ ಅದಕ್ಕೆ ಉತ್ತರವಾಗಿ ಬಂದ ಕೋಡಿನ ತಿದ್ದುಪಡಿಯನ್ನೂ ಒಂದಕ್ಕೊಂದು ಜೋಡಿಸುವ ವಿಧಾನಗಳು ಬಹುಮಟ್ಟಿಗೆ ಪದಸಾದೃಶ್ಯ, ಕಾಲಸಾಮೀಪ್ಯ ಮತ್ತು ಸಂಖ್ಯಾನಮೂದುಗಳನ್ನು ಅವಲಂಬಿಸಿವೆ. ದೋಷವು ಲಿಪಿಗೆ ಸಂಬಂಧಿಸಿದ್ದಾದಾಗ ಇವು ಸಾಲವೆಂಬುದು ಪ್ರಸ್ತುತ ಲೇಖನದ ವಾದ. ಹಾರ್ಫ್‌ಬಜ್ ಎಂಬ ಅಕ್ಷರವಿನ್ಯಾಸ ತಂತ್ರಾಂಶದಲ್ಲಿ ಕನ್ನಡಕ್ಕೆ ಸಂಬಂಧಿಸಿದ ಎರಡು ತಿದ್ದುಪಡಿಗಳನ್ನೂ ಮೂಡುಬಿದಿರೆಯ ತಾಡವೋಲೆಗಳ ಪಾಠಪರಿಷ್ಕರಣದ ಒಂದು ಪ್ರಸಂಗವನ್ನೂ ಎದುರುಬದುರಾಗಿಟ್ಟು ಇಲ್ಲಿ ಪರಿಶೀಲಿಸಲಾಗಿದೆ.

ಕೀಲಿಪದಗಳು: ದೋಷವರದಿ, ಅರ್ಕಾವತ್ತು, ತುಳು, ಯೂನಿಕೋಡ್, ಗ್ರಂಥಸಂಪಾದನೆ

1. ಪೀಠಿಕೆ

ಯಾವುದೇ ಮುಕ್ತ ತಂತ್ರಾಂಶ ಯೋಜನೆಯಲ್ಲಿ ಎರಡು ಬಗೆಯ ಪಠ್ಯಗಳು ಅಕ್ಕಪಕ್ಕದಲ್ಲಿ ಬೆಳೆಯುತ್ತವೆ. ಮೊದಲನೆಯದು ಬಳಕೆದಾರನು ತಾನು ಕಂಡ ತಪ್ಪನ್ನು ವಿವರಿಸುವ ದೋಷವರದಿ. ಎರಡನೆಯದು ಕೋಡನ್ನು ಬದಲಿಸಿದವನು ಬದಲಾವಣೆಯ ಜೊತೆಗೆ ದಾಖಲಿಸುವ ಕಮಿಟ್ ಟಿಪ್ಪಣಿ. ಇವೆರಡರ ನಡುವೆ ಕೊಂಡಿ ಇದ್ದರೆ ಮಾತ್ರ ಮುಂದೆ ಬರುವವನಿಗೆ ಒಂದು ಸಾಲು ಕೋಡು ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಕೊಂಡಿ ಕಳಚಿದರೆ ಕಾರಣವೂ ಕಳೆಯುತ್ತದೆ. ಕಾರಣ ತಿಳಿಯದ ಸಾಲನ್ನು ಮುಂದಿನವನು ಅನಗತ್ಯವೆಂದು ತೆಗೆದುಹಾಕಬಹುದು.

ಈ ಸಮಸ್ಯೆಯನ್ನು ಇದುವರೆಗೆ ಹೆಚ್ಚಾಗಿ ತಂತ್ರಾಂಶ ವಿಜ್ಞಾನಿಗಳು ಚರ್ಚಿಸಿದ್ದಾರೆ. ಆದರೆ ಎರಡು ಪಠ್ಯಗಳು ಒಂದೇ ವಿಷಯವನ್ನು ಕುರಿತವೆಯೇ ಎಂಬ ಪ್ರಶ್ನೆ ಮೂಲತಃ ಭಾಷಾವಿಜ್ಞಾನದ್ದು, ಅದರಲ್ಲಿಯೂ ಅರ್ಥವಿಚಾರ ಮತ್ತು ಗ್ರಂಥಸಂಪಾದನೆಗಳದ್ದು. ಆ ನಿಲುವಿನಿಂದ ನಾವು ಈ ವಿಮರ್ಶೆಗೆ ತೊಡಗಿದ್ದೇವೆ. ತುಳುವರ ಬಾಯಲ್ಲಿ ಬೆದ್ರವಾಗುವ ಮೂಡುಬಿದಿರೆಯನ್ನು ನಿದರ್ಶನಸ್ಥಳವಾಗಿ ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಇಲ್ಲಿ ಕನ್ನಡ, ತುಳು, ಕೊಂಕಣಿಗಳು ಒಂದೇ ಕನ್ನಡ ಲಿಪಿಯಲ್ಲಿ ಬರೆಯಲ್ಪಡುತ್ತವೆ. ಅಲ್ಲದೆ, ಹಳಗನ್ನಡ ಲಿಪಿಯಲ್ಲಿ ಪ್ರಾಕೃತ ಮತ್ತು ಸಂಸ್ಕೃತವನ್ನು ಹೊತ್ತ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಇದು. ಲಿಪಿಯೇ ಭಾಷೆಯಲ್ಲ ಎಂಬುದು ಇಲ್ಲಿ ನಿತ್ಯದ ಅನುಭವ.

2. ಕೊಂಡಿಯ ಕುರಿತ ಪೂರ್ವಸಂಶೋಧನೆ

2005ರಲ್ಲಿ ಶ್ಲಿವೆರ್ಸ್ಕಿ, ಝಿಮ್ಮರ್‌ಮನ್ ಮತ್ತು ಝೆಲ್ಲರ್ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಆಧಾರಗಳಲ್ಲೊಂದು. ಕಮಿಟ್ ಟಿಪ್ಪಣಿಯಲ್ಲಿ ವರದಿಯ ಸಂಖ್ಯೆಯನ್ನು ಹುಡುಕಿ, ಆ ಸಂಖ್ಯೆ ನಿಜಕ್ಕೂ ವರದಿಯನ್ನೇ ಸೂಚಿಸುತ್ತದೆಯೇ ಎಂದು ಬೇರೆ ಸುಳಿವುಗಳಿಂದ ಪರೀಕ್ಷಿಸುವುದು ಅವರ ಕ್ರಮ. 2009ರಲ್ಲಿ ಬರ್ಡ್ ಮತ್ತು ಸಂಗಡಿಗರು ಇದರ ಮಿತಿಯನ್ನು ತೋರಿಸಿದರು: ಕೊಂಡಿ ಉಳಿದ ವರದಿಗಳು ಎಲ್ಲ ವರದಿಗಳ ಪ್ರತಿನಿಧಿಗಳಲ್ಲ, ಆಯ್ಕೆಯಲ್ಲಿಯೇ ಪಕ್ಷಪಾತ ನುಸುಳಿರುತ್ತದೆ. ಮರುವರ್ಷ ಬಾಖ್‌ಮನ್ ಮತ್ತು ಸಂಗಡಿಗರು ಅಪಾಚೆ ಯೋಜನೆಯನ್ನು ಪರಿಶೀಲಿಸಿ, ದೋಷಪಟ್ಟಿಯನ್ನೇ ತಲುಪದೆ ಪತ್ರವ್ಯವಹಾರದಲ್ಲಿಯೇ ಬಗೆಹರಿದ ದೋಷಗಳಿವೆಯೆಂದು ತಿಳಿಸಿದರು. 2011ರ ರೀಲಿಂಕ್ ಎಂಬ ಸಾಧನವು ಸಂಖ್ಯೆ ಇಲ್ಲದೆಡೆ ಪದಸಾದೃಶ್ಯ, ಕಾಲದ ಅಂತರ ಮತ್ತು ವ್ಯಕ್ತಿಗಳ ಹೊಂದಾಣಿಕೆಯಿಂದ ಕಳೆದ ಕೊಂಡಿಯನ್ನು ಮರಳಿ ಕಟ್ಟಲೆತ್ನಿಸಿತು. 2013ರಲ್ಲಿ ಹರ್ಜಿಗ್, ಯುಸ್ಟ್ ಮತ್ತು ಝೆಲ್ಲರ್ ಐದು ಯೋಜನೆಗಳ 7,000ಕ್ಕೂ ಹೆಚ್ಚು ವರದಿಗಳನ್ನು ಕೈಯಾರೆ ಓದಿ, ದೋಷವೆಂದು ಗುರುತಿಸಲ್ಪಟ್ಟವುಗಳಲ್ಲಿ ಶೇ. 33.8ರಷ್ಟು ದೋಷಗಳೇ ಅಲ್ಲವೆಂದು ಕಂಡುಕೊಂಡರು.

ಕೊನೆಯ ಅಧ್ಯಯನದ ಫಲಿತಾಂಶಕ್ಕಿಂತಲೂ ಅದರ ವಿಧಾನ ನಮಗೆ ಮುಖ್ಯ. ಯಂತ್ರ ಕಾಣದ ವ್ಯತ್ಯಾಸವು ಓದಿದಾಗ ಕಂಡಿತು. ಆದರೂ ಕ್ಷೇತ್ರವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಸಾದೃಶ್ಯವನ್ನೇ: ಎರಡು ಪಠ್ಯಗಳಲ್ಲಿ ಸಮಾನ ಪದಗಳು ಹೆಚ್ಚಿದ್ದಷ್ಟೂ ಅವು ಒಂದೇ ದೋಷವನ್ನು ಕುರಿತವೆಂಬ ನಂಬಿಕೆ.

ಕೊಂಡಿಯನ್ನು ಬರೆಯುವ ಭಾಷೆಯೂ ಇಲ್ಲಿ ವಿಚಾರಾರ್ಹ. ಗಿಟ್‌ಹಬ್‌ನಲ್ಲಿ ತಿದ್ದುಪಡಿಯ ಟಿಪ್ಪಣಿಯೊಳಗೆ 'ಫಿಕ್ಸಸ್' ಎಂದು ಬರೆದು ವರದಿಯ ಸಂಖ್ಯೆ ಕೊಟ್ಟರೆ, ತಿದ್ದುಪಡಿ ಮುಖ್ಯ ಶಾಖೆಗೆ ಸೇರಿದೊಡನೆ ವರದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಜೆ. ಎಲ್. ಆಸ್ಟಿನ್ ನಿರೂಪಿಸಿದ ಅರ್ಥದಲ್ಲಿ ಇದು ಕ್ರಿಯಾರೂಪಿ ಉಕ್ತಿ: ಹೇಳುವುದೇ ಮಾಡುವುದು. ಈ ಶಕ್ತಿ ಇರುವುದು ಕ್ಲೋಸ್, ಫಿಕ್ಸ್, ರಿಸಾಲ್ವ್ ಎಂಬ ಮೂರು ಇಂಗ್ಲಿಷ್ ಧಾತುಗಳ ಒಂಬತ್ತು ರೂಪಗಳಿಗೆ ಮಾತ್ರ. ಅವುಗಳ ಕಾಲಭೇದವನ್ನು ಯಂತ್ರ ಗಣಿಸುವುದಿಲ್ಲ. ಕನ್ನಡದ 'ಸರಿಪಡಿಸಿದೆ' ಎಂಬ ರೂಪಕ್ಕೆ ಆ ಅಧಿಕಾರವಿಲ್ಲ. ಆದರೆ ಅದು ಇನ್ನೊಂದು ಪ್ರಶ್ನೆಯನ್ನು ಮುಂದಿಡುತ್ತದೆ. 'ನಾನು ಸರಿಪಡಿಸಿದೆ' ಎಂದು ಓದಿದರೆ ಉತ್ತಮಪುರುಷದ ಭೂತಕಾಲ. 'ಈ ತಿದ್ದುಪಡಿ ಸರಿಪಡಿಸಿದೆ' ಎಂದು ಓದಿದರೆ ಪ್ರಥಮಪುರುಷದಲ್ಲಿ 'ಸರಿಪಡಿಸಿ ಇದೆ' ಎಂಬ ಪೂರ್ಣಾರ್ಥ. ಮೊದಲನೆಯದು ಒಬ್ಬನು ಮಾಡಿದ ಕೆಲಸವನ್ನು ಹೇಳುತ್ತದೆ, ಎರಡನೆಯದು ಈಗ ನೆಲೆಗೊಂಡ ಸ್ಥಿತಿಯನ್ನು. ದೋಷಪಟ್ಟಿಗಳು ಮೊದಲನೆಯದನ್ನು ದಾಖಲಿಸಿ ಎರಡನೆಯದು ಸಿದ್ಧವಾಯಿತೆಂದು ಭಾವಿಸುತ್ತವೆ. ಈ ಭಾವನೆ ಎಲ್ಲಿ ಮುರಿಯುತ್ತದೆಂಬುದನ್ನು ಮುಂದಿನ ನಿದರ್ಶನ ತೋರಿಸುತ್ತದೆ.

3. ಮೊದಲ ನಿದರ್ಶನ: ಅರ್ಕಾವತ್ತು

ಕನ್ನಡದಲ್ಲಿ ರಕಾರ ಮೊದಲಾಗಿರುವ ಸಂಯುಕ್ತಾಕ್ಷರಕ್ಕೆ ಎರಡು ಬರಹರೂಪಗಳಿವೆ. 'ಸೂರ್ಯ' ಎಂಬಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವತ್ತಾಗಿ ಕೊನೆಗೆ ಬರೆಯುತ್ತೇವೆ. 'ರ‍್ಯಾಲಿ', 'ರ‍್ಯಾಂಕ್' ಎಂಬ ಎರವಲು ಪದಗಳಲ್ಲಿ ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿಸುತ್ತೇವೆ. ಹೊಸಬರಹವನ್ನು ಒಪ್ಪಿದ ಕೆಲವು ಬರಹಗಾರರು ಅರ್ಕಾವತ್ತನ್ನೇ ಬಿಟ್ಟು ಎಲ್ಲೆಡೆ ಎರಡನೆಯ ರೂಪವನ್ನೇ ಬಳಸುತ್ತಾರೆ.

ಯೂನಿಕೋಡ್‌ನಲ್ಲಿ ರ, ವಿರಾಮ, ಯ ಎಂಬ ಮೂರು ಸಂಕೇತಗಳು ಕ್ರಮವಾಗಿ ಬಂದರೆ ಅರ್ಕಾವತ್ತು ಮೂಡುತ್ತದೆ. ಪೂರ್ಣ ರಕಾರ ಬೇಕಾದರೆ ರಕಾರದ ಬೆನ್ನಿಗೆ, ವಿರಾಮಕ್ಕಿಂತ ಮೊದಲು, ಜೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆಯನ್ನು ಇಡಬೇಕು. ಇದನ್ನು ಮುಂದೆ ಜೋಡಿಕೆ ಚಿಹ್ನೆ ಎನ್ನುತ್ತೇವೆ. ಆದರೆ ಬಳಕೆಯಲ್ಲಿ ಅನೇಕ ಪಠ್ಯಗಳು ಈ ಚಿಹ್ನೆಯನ್ನು ವಿರಾಮದ ನಂತರ ಇಟ್ಟಿವೆ. ದೇವನಾಗರಿಯಲ್ಲಿ ಅರ್ಧಾಕ್ಷರವನ್ನು ಪಡೆಯುವುದು ಅದೇ ಕ್ರಮದಿಂದ. ಹಾಗಾಗಿ ಈ ರೂಢಿ ಆಶ್ಚರ್ಯದ್ದಲ್ಲ.

ಹಾರ್ಫ್‌ಬಜ್ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸುವ ಮುಕ್ತ ತಂತ್ರಾಂಶ. ಭಾರತೀಯ ಲಿಪಿಗಳಿಗೆ ಸಂಬಂಧಿಸಿದ ಅದರ ಕಡತದಲ್ಲಿ ಕನ್ನಡಕ್ಕೆಂದೇ ಒಂದು ವಿಶೇಷ ನಿಯಮವಿದೆ: ರ, ವಿರಾಮ, ಜೋಡಿಕೆ ಚಿಹ್ನೆ ಎಂಬ ಸರಣಿ ಕಂಡರೆ ಕೊನೆಯ ಎರಡನ್ನು ಅದಲುಬದಲು ಮಾಡಿ ಮುಂದುವರಿಯಬೇಕು. ಹಳೆಯ ಬಳಕೆಗೆ ಹೊಂದಿಕೊಳ್ಳಲು ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿಯೂ, 435ನೇ ಸಂಖ್ಯೆಯ ವರದಿಯ ವಿಳಾಸವೂ ಅದೇ ಜಾಗದಲ್ಲಿವೆ. ಕೊಂಡಿಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಮಾದರಿ. ಕಾರಣ, ಭಾಷೆ, ಸರಣಿ, ವಿಳಾಸ ನಾಲ್ಕೂ ಕೋಡಿನ ಪಕ್ಕದಲ್ಲಿಯೇ ಇವೆ. ಪ್ರತ್ಯೇಕ ಸಾಧನದಿಂದ ಹುಡುಕಬೇಕಾದ ಅಗತ್ಯವಿಲ್ಲ.

ಆದರೂ ವಿಮರ್ಶೆಗೆ ಇಲ್ಲಿ ಎಡೆಯಿದೆ. ಅದಲುಬದಲು ನಡೆಯುವುದು ತೆರೆಯ ಮೇಲೆ ತೋರಿಸುವ ಹಂತದಲ್ಲಿ. ಉಳಿಸಿಟ್ಟ ಪಠ್ಯ ಬದಲಾಗುವುದಿಲ್ಲ. ಯೂನಿಕೋಡ್‌ನ ಸಾಮಾನ್ಯೀಕರಣವೂ ಈ ಎರಡು ಸರಣಿಗಳನ್ನು ಒಂದೆಂದು ಪರಿಗಣಿಸುವುದಿಲ್ಲ. ಪರಿಣಾಮವಾಗಿ, ಮೊದಲು ಬೇರೆಯಾಗಿ ಕಾಣುತ್ತಿದ್ದ ಎರಡು ಕಾಗುಣಿತಗಳು ಈಗ ಒಂದೇ ಆಗಿ ಕಾಣುತ್ತವೆ, ಆದರೆ ಒಳಗೆ ಬೇರೆಯಾಗಿಯೇ ಉಳಿಯುತ್ತವೆ. ಅಕ್ಷರಶಃ ಸರಣಿಯನ್ನು ಹೋಲಿಸುವ ಹುಡುಕಾಟದಲ್ಲಿ 'ರ‍್ಯಾಂಕ್' ಎಂಬ ಪದದ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗದು. ನಿಘಂಟುಕಾರನಿಗೂ ಪದಸಂಚಯ ಕಟ್ಟುವವನಿಗೂ ಇದು ಮೊದಲಿಗಿಂತ ಕಠಿಣ ಸ್ಥಿತಿ, ಏಕೆಂದರೆ ತಪ್ಪು ಇನ್ನು ಕಣ್ಣಿಗೆ ಬೀಳುವುದಿಲ್ಲ. ಓದುಗನ ದೋಷ ಪರಿಹಾರವಾಯಿತು. ಪಠ್ಯದ ದೋಷ ಅಡಗಿತು. ಇದಕ್ಕೆ ತಿದ್ದುಪಡಿ ಬರೆದವರನ್ನು ದೂಷಿಸಲಾಗದು. ಹಳೆಯ ಪಠ್ಯಗಳನ್ನು ಓದುವಂತೆ ಮಾಡುವುದು ಅಕ್ಷರವಿನ್ಯಾಸ ತಂತ್ರಾಂಶದ ಕರ್ತವ್ಯವೇ ಆಗಿದೆ. ನಮ್ಮ ಆಕ್ಷೇಪ 'ಮುಚ್ಚಿದೆ' ಎಂಬ ಒಂದೇ ಪದವು ಎರಡು ಭಿನ್ನ ಫಲಗಳನ್ನು ಹೊರುವುದಕ್ಕೆ.

4. ಎರಡನೆಯ ನಿದರ್ಶನ: ದ್ವಿತ್ವದ ಮುಂದಿನ ವಿರಾಮ

ಅದೇ ಕಡತದ ಇನ್ನೊಂದು ಜಾಗದಲ್ಲಿ ಚ, ವಿರಾಮ, ಚ, ವಿರಾಮ ಎಂಬ ಸರಣಿಯನ್ನು, ಅಂದರೆ 'ಚ್ಚ್' ಎಂಬುದನ್ನು, ಪರೀಕ್ಷಾಪದವಾಗಿ ಕೊಡಲಾಗಿದೆ. ಲೋಹಿತ್ ಕನ್ನಡ ಫಾಂಟಿನ ಕೆಲವು ಆವೃತ್ತಿಗಳಲ್ಲಿ ಪರೀಕ್ಷಿಸಬೇಕೆಂಬ ಸೂಚನೆಯ ಜೊತೆಗೆ ಫ್ರೀಡೆಸ್ಕ್‌ಟಾಪ್ ದೋಷಪಟ್ಟಿಯ 59118ನೇ ವರದಿಯನ್ನು ಉಲ್ಲೇಖಿಸಲಾಗಿದೆ. ಹಳೆಯ ಓಪನ್‌ಟೈಪ್ ನಿಯಮದಂತೆ ರಚಿತವಾದ ಫಾಂಟುಗಳಲ್ಲಿ ಮೊದಲ ವಿರಾಮವನ್ನು ಕೊನೆಯ ವ್ಯಂಜನದಾಚೆಗೆ ಸರಿಸಬೇಕಾಗುತ್ತದೆ. ಆ ವ್ಯಂಜನದ ಮುಂದೆ ಈಗಾಗಲೇ ಒಂದು ವಿರಾಮವಿದ್ದರೆ ಕನ್ನಡದಲ್ಲಿ ಹಾಗೆ ಸರಿಸಬಾರದು. ಮಲಯಾಳ, ಬಂಗಾಳಿ, ದೇವನಾಗರಿಗಳಲ್ಲಿ ಸರಿಸಬೇಕು. ಇತರ ಲಿಪಿಗಳ ವಿಷಯ ತಮಗೆ ತಿಳಿದಿಲ್ಲವೆಂದು ಟಿಪ್ಪಣಿಕಾರರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಪ್ರಮಾಣದ ಪ್ರಶ್ನೆ. ಕನ್ನಡಕ್ಕೆ ಹೀಗಾಗಬೇಕು ಎಂಬುದಕ್ಕೆ ಆಧಾರವಾಗಿ ತೋರಿಸಿರುವುದು ವ್ಯಾಕರಣವನ್ನಾಗಲಿ ಮುದ್ರಣ ಪರಂಪರೆಯನ್ನಾಗಲಿ ಅಲ್ಲ. ಯೂನಿಸ್ಕ್ರೈಬ್ ಎಂಬ ಮೈಕ್ರೋಸಾಫ್ಟ್ ತಂತ್ರಾಂಶದ ನಡವಳಿಕೆಯನ್ನು. ಫಾಂಟುಗಳು ಆ ತಂತ್ರಾಂಶಕ್ಕೆ ಹೊಂದುವಂತೆ ತಯಾರಾಗಿದ್ದುದರಿಂದ ವ್ಯವಹಾರದಲ್ಲಿ ಇದು ಸಮಂಜಸವೇ. ಆದರೆ ಭಾಷಿಕ ಸಮುದಾಯದ ಸಾಕ್ಷ್ಯದ ಸ್ಥಾನದಲ್ಲಿ ಇನ್ನೊಂದು ಯಂತ್ರದ ಸಾಕ್ಷ್ಯ ಕುಳಿತಿದೆ ಎಂಬುದನ್ನು ಮರೆಯಲಾಗದು.

ಎರಡು, ಭಾಷೆಯ ಪ್ರಶ್ನೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತ್ಯ. ದ್ವಿತ್ವದ ಮುಂದೆ ವಿರಾಮ ಬರುವುದು ಬಹುಮಟ್ಟಿಗೆ 'ಮೆಚ್ಚ್ + ಇದ' ಎಂಬಂಥ ವ್ಯಾಕರಣ ವಿವರಣೆಯಲ್ಲಿ. ಕನ್ನಡವನ್ನು ಮಾತ್ರ ಬಲ್ಲ ಓದುಗನಿಗೆ 'ಚ್ಚ್' ಎಂಬುದು ಕೃತಕ ಪರೀಕ್ಷಾಪದವಾಗಿ ಕಂಡೀತು. ತುಳುವಿನಲ್ಲಿ ಹಾಗಲ್ಲ. ಪದಾಂತ್ಯದ ಸಂವೃತ ಉಕಾರವನ್ನು ಕನ್ನಡ ಲಿಪಿಯಲ್ಲಿ ವಿರಾಮದಿಂದ ಸೂಚಿಸುವ ರೂಢಿ ಅಲ್ಲಿ ವ್ಯಾಪಕ: ಕಣ್ಣ್, ಮಣ್ಣ್, ಪತ್ತ್. ಕಣ್ಣು, ಮಣ್ಣು, ಹತ್ತು ಎಂಬ ದಿನಬಳಕೆಯ ಮಾತುಗಳೇ ವ್ಯಂಜನ, ವಿರಾಮ, ವ್ಯಂಜನ, ವಿರಾಮ ಎಂಬ ಆ ಸರಣಿಯಲ್ಲಿವೆ. ಮೂಡುಬಿದಿರೆಯಲ್ಲಿ ತುಳುವನ್ನು ಟೈಪಿಸುವವನಿಗೂ, 2016ರಲ್ಲಿ ಸ್ವತಂತ್ರವಾದ ತುಳು ವಿಕಿಪೀಡಿಯಕ್ಕೆ ಬರೆಯುವವನಿಗೂ ಇದು ಅಪರೂಪದ ಸಂದರ್ಭವಲ್ಲ, ಪ್ರತಿ ಪುಟದ ಮಾತು.

ಆದರೂ ಆ ಟಿಪ್ಪಣಿಯಲ್ಲಿ ತುಳುವಿನ ಹೆಸರಿಲ್ಲ. ಇರಲು ಅವಕಾಶವೂ ಇಲ್ಲ. ನಿಯಮವು ಲಿಪಿಯನ್ನು ಕೇಳುತ್ತದೆ, ಭಾಷೆಯನ್ನಲ್ಲ. ಪದಸಾದೃಶ್ಯವನ್ನು ನೆಚ್ಚಿದ ಸಾಧನವು 'ತುಳುವಿನಲ್ಲಿ ಪತ್ತ್ ಎಂದು ಬರೆದರೆ ಸರಿಯಾಗಿ ಮೂಡುವುದಿಲ್ಲ' ಎಂಬ ವರದಿಯನ್ನೂ 'ಕನ್ನಡದಲ್ಲಿ ವಿರಾಮ ಸರಿಸುವುದನ್ನು ತಡೆದಿದೆ' ಎಂಬ ತಿದ್ದುಪಡಿಯನ್ನೂ ಜೋಡಿಸಲಾರದು. ಎರಡರಲ್ಲಿ ಸಮಾನ ಪದವಿಲ್ಲ. ಒಂದು ಭಾಷೆಯ ಹೆಸರನ್ನು ಹೇಳುತ್ತದೆ, ಇನ್ನೊಂದು ಲಿಪಿಯ ಹೆಸರನ್ನು. ಒಂದು ಕಂಡ ರೂಪವನ್ನು ವರ್ಣಿಸುತ್ತದೆ, ಇನ್ನೊಂದು ಕಾಣದ ಸಂಕೇತವನ್ನು. ಇವೆರಡನ್ನು ಜೋಡಿಸಬಲ್ಲವನು ಎರಡೂ ಭಾಷೆಗಳ ಬರಹವನ್ನು ಬಲ್ಲ ಓದುಗನೊಬ್ಬನೇ. ಬರ್ಡ್ ಮತ್ತು ಸಂಗಡಿಗರು ಹೇಳಿದ ಪಕ್ಷಪಾತಕ್ಕೆ ಇಲ್ಲಿ ಇನ್ನೊಂದು ಮುಖವಿದೆ: ಇನ್ನೊಂದು ಭಾಷೆಯ ಲಿಪಿಯಲ್ಲಿ ಬಾಳುವ ಭಾಷೆಗಳ ವರದಿಗಳೇ ಕೊಂಡಿಯಿಲ್ಲದೆ ಉಳಿಯುವ ಸಂಭವ ಹೆಚ್ಚು. ಅಂಥ ದತ್ತಾಂಶದಿಂದ ಕಲಿತ ಸಾಧನ ಆ ಭಾಷೆಗಳಲ್ಲಿ ದೋಷವೇ ಇಲ್ಲವೆಂದು ತೀರ್ಮಾನಿಸೀತು.

5. ತಾಡವೋಲೆಯ ಸಾಕ್ಷ್ಯ

ವರದಿ ಮತ್ತು ತಿದ್ದುಪಡಿಗಳನ್ನು ಜೋಡಿಸುವ ಕೆಲಸ ಗಣಕಯುಗದಲ್ಲಿ ಹುಟ್ಟಿದ್ದಲ್ಲ. ಗ್ರಂಥಸಂಪಾದಕನು ಅಡಿಟಿಪ್ಪಣಿಯಲ್ಲಿ ಮಾಡುವುದು ಅದನ್ನೇ. ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಓಲೆಪ್ರತಿಗಳು ಬಹುಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವುಗಳ ನಕಲು ಆರಂಭವಾಗಿ, ನಕಲುಗಳ ನಕಲುಗಳು ಉತ್ತರಕ್ಕೆ ತಲುಪಿದವು. ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದದ್ದು ಅಂಥ ಪ್ರತಿಗಳ ಆಧಾರದಿಂದ.

ಆ ಸಂಪುಟದ 93ನೇ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕಿತ್ತೆಂದು ಸಂಪಾದಕರಿಗೆ ತೋರಿತು. ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಅವರು ಪದವನ್ನು ಮೂಲದೊಳಗೆ ಸೇರಿಸದೆ ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸಿದರು. ಮುಂದೆ ಮೂಡುಬಿದಿರೆಯ ತಾಡವೋಲೆಯೊಂದಿಗೆ ತಾಳೆನೋಡಿದಾಗ ಆ ಪದ ಅಲ್ಲಿ ಇತ್ತು. ಸ್ತ್ರೀಯರ ಸಂಯಮದ ಗುಣಸ್ಥಾನವನ್ನು ಕುರಿತ ಸಿದ್ಧಾಂತ ಈ ಒಂದು ಪದವನ್ನು ಆಶ್ರಯಿಸಿದ್ದುದರಿಂದ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಆ ಚರ್ಚೆಯ ಸಿದ್ಧಾಂತಭಾಗ ನಮ್ಮ ವಿಷಯವಲ್ಲ. ಸಂಪಾದನೆಯ ಕ್ರಮ ಮಾತ್ರ ನಮಗೆ ಪ್ರಸ್ತುತ: ಸಂದೇಹ ಎಲ್ಲಿ ಹುಟ್ಟಿತು, ಯಾರ ಊಹೆ, ಯಾವ ಪ್ರತಿಯಿಂದ ದೃಢವಾಯಿತು ಎಂಬ ಮೂರೂ ಬೇರೆಬೇರೆಯಾಗಿ ಉಳಿದುವು. ಅವು ಉಳಿದಿದ್ದರಿಂದಲೇ ಭಿನ್ನಾಭಿಪ್ರಾಯವುಳ್ಳವರೂ ಒಂದೇ ಓಲೆಯ ಮುಂದೆ ನಿಲ್ಲಲು ಸಾಧ್ಯವಾಯಿತು.

ದೋಷದ ಕಾರಣವನ್ನೂ ಊಹಿಸಬಹುದು. ಸೂತ್ರದಲ್ಲಿ 'ಸಂಜದಾಸಂಜದ' ಎಂಬುದರ ಬೆನ್ನಿಗೇ 'ಸಂಜದ' ಬರುತ್ತದೆ. ಒಂದೇ ಬಗೆಯ ಅಕ್ಷರಗಳು ಮರುಕಳಿಸಿದಾಗ ಲಿಪಿಕಾರನ ಕಣ್ಣು ಜಾರಿ ಒಂದು ಭಾಗ ಬಿಟ್ಟುಹೋಗುವುದು ಗ್ರಂಥಸಂಪಾದನೆಯಲ್ಲಿ ಚಿರಪರಿಚಿತ. ಅಂದರೆ ಇಲ್ಲಿ ಸಾದೃಶ್ಯವೇ ದೋಷವನ್ನು ಹುಟ್ಟಿಸಿದೆ. ಸಾದೃಶ್ಯದಿಂದಲೇ ದೋಷವನ್ನು ಹುಡುಕಹೊರಟವರು ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

6. ತಿದ್ದಲಾಗದ ದೋಷ, ಉಳಿದ ಕೊಂಡಿ

ಕೊಂಡಿ ಇರಬೇಕಾದರೆ ತಿದ್ದುಪಡಿ ಇರಲೇಬೇಕೆಂದಿಲ್ಲ. ಏೞು ಏಳಾಗಿ, ಬಾೞೆ ಬಾಳೆಯಾಗಿ ಹಳಗನ್ನಡದ ೞಕಾರ ಬಳಕೆಯಿಂದ ಮರೆಯಾಯಿತು. ಯೂನಿಕೋಡ್‌ನಲ್ಲಿ ಈ ಅಕ್ಷರಕ್ಕೆ ಸ್ಥಾನ ದೊರೆತರೂ ಅದರ ಹೆಸರು ತಪ್ಪಾಗಿ 'ಕನ್ನಡ ಲೆಟರ್ ಎಫ್‌ಎ' ಎಂದು ದಾಖಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಸ್ಥಿರತೆಯ ನಿಯಮವಿರುವುದರಿಂದ ಅದು ಇಂದಿಗೂ ಹಾಗೆಯೇ ಇದೆ. ಆದರೆ ಉಪನಾಮಗಳ ಪ್ರತ್ಯೇಕ ಕಡತವೊಂದರಲ್ಲಿ 'ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ' ಎಂಬ ಸರಿಯಾದ ಹೆಸರು 'ತಿದ್ದುಪಡಿ' ಎಂಬ ಗುರುತಿನೊಂದಿಗೆ ಸೇರಿದೆ. ತಪ್ಪು ಅಳಿದಿಲ್ಲ, ಸರಿ ಅದರ ಪಕ್ಕದಲ್ಲಿ ನಿಂತಿದೆ. ಓದುಗನನ್ನು ದಾರಿತಪ್ಪಿಸದ ದಾಖಲೆಯೆಂದರೆ ಇದು. ತಪ್ಪನ್ನು ಮರೆಮಾಡಿ ಮುಚ್ಚಿದ ವರದಿಗಿಂತ, ತಪ್ಪನ್ನು ಒಪ್ಪಿ ತೆರೆದಿಟ್ಟ ದಾಖಲೆ ಹೆಚ್ಚು ನಂಬಲರ್ಹ.

7. ಉಪಸಂಹಾರ

ಎರಡು ನಿದರ್ಶನಗಳಿಂದ ಸಂಖ್ಯಾತ್ಮಕ ನಿರ್ಣಯಕ್ಕೆ ಬರುವುದು ನಮ್ಮ ಉದ್ದೇಶವಲ್ಲ. ಸಾದೃಶ್ಯಾಧಾರಿತ ಸಾಧನಗಳು ನಿರುಪಯುಕ್ತವೆಂದೂ ನಾವು ಹೇಳುವುದಿಲ್ಲ. ಸಾವಿರಾರು ವರದಿಗಳ ರಾಶಿಯಲ್ಲಿ ಅವು ಮೊದಲ ಜರಡಿಯಾಗಬಲ್ಲವು. ಆದರೆ ಕೊಂಡಿಯೆಂಬುದು ಎರಡು ಪಠ್ಯಗಳ ಗುಣವಲ್ಲ, ಅವುಗಳನ್ನು ಓದಿದವನ ತೀರ್ಮಾನ. ತೀರ್ಮಾನಕ್ಕೆ ಕಾರಣ ಬೇಕು, ಕಾರಣಕ್ಕೆ ಸಾಕ್ಷ್ಯ ಬೇಕು.

ಆದುದರಿಂದ ಲಿಪಿಸಂಬಂಧಿ ವರದಿಗಳಲ್ಲಿ ನಾಲ್ಕು ವಿವರಗಳನ್ನು ಬೇರ್ಪಡಿಸಿ ಇಡಬೇಕೆಂದು ನಾವು ಸೂಚಿಸುತ್ತೇವೆ: ಟೈಪಿಸಿದ ಸಂಕೇತಗಳ ಸರಣಿ, ನಿರೀಕ್ಷಿತ ರೂಪದ ಚಿತ್ರ, ಲಿಪಿಯ ಹೆಸರಿಗೆ ಹೊರತಾಗಿ ಭಾಷೆಯ ಹೆಸರು, ಆ ರೂಪವೇ ಸರಿಯೆಂಬುದಕ್ಕೆ ಮುದ್ರಿತ ಪುಸ್ತಕ, ವ್ಯಾಕರಣ ಅಥವಾ ಹಸ್ತಪ್ರತಿಯ ಆಧಾರ. ತಿದ್ದುಪಡಿಯ ಟಿಪ್ಪಣಿಯು, ಹಾರ್ಫ್‌ಬಜ್ ಮಾಡಿದಂತೆ, ಕಾರಣವನ್ನೂ ವರದಿಯ ವಿಳಾಸವನ್ನೂ ಹೊರಬೇಕು; ಜೊತೆಗೆ ಏನು ಇನ್ನೂ ಸರಿಯಾಗಿಲ್ಲವೆಂಬುದನ್ನೂ ಹೇಳಬೇಕು. ವಿಳಾಸವೊಂದೇ ಸಾಲದು. ಫ್ರೀಡೆಸ್ಕ್‌ಟಾಪ್‌ನ ಯೋಜನೆಗಳು ಹಳೆಯ ದೋಷಪಟ್ಟಿಯಿಂದ ಗಿಟ್‌ಲ್ಯಾಬ್‌ಗೆ ಸರಿದಂತೆ ಪಟ್ಟಿಗಳು ನೆಲೆ ಬದಲಿಸುತ್ತವೆ. ಆಗ ಸಂಖ್ಯೆ ಉಳಿದರೂ ಅದು ಸೂಚಿಸುತ್ತಿದ್ದ ಮಾತು ಕೈಗೆ ಸಿಗದೆ ಹೋಗಬಹುದು.

ಈ ನಾಲ್ಕು ವಿವರಗಳನ್ನು ಒದಗಿಸಬಲ್ಲವರು ಭಾಷಾವಿಜ್ಞಾನದ ವಿದ್ಯಾರ್ಥಿಗಳು. 'ಪತ್ತ್' ಎಂಬುದರ ಕೊನೆಯ ವಿರಾಮ ವ್ಯಂಜನಾಂತ್ಯವನ್ನಲ್ಲ, ಒಂದು ಸ್ವರವನ್ನು ಸೂಚಿಸುತ್ತದೆಂದು ಅವರು ಬಲ್ಲರು; ಕೋಡು ಬರೆಯುವವರು ಅದನ್ನು ತಾವಾಗಿ ತಿಳಿಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ದೋಷವರದಿಯನ್ನು ಬರೆಯುವುದು ಭಾಷಾವರ್ಣನೆಯ ಒಂದು ಕಾರ್ಯವೆಂದು ನಮ್ಮ ಅಧ್ಯಯನ ವಿಭಾಗಗಳು ಒಪ್ಪಿಕೊಂಡಂದು, 'ಸರಿಪಡಿಸಿದೆ' ಎಂಬ ಮಾತನ್ನು ಅದರ ಎರಡೂ ಅರ್ಥಗಳಲ್ಲಿ ಹೇಳಲು ನಮಗೆ ಅಧಿಕಾರ ಬಂದೀತು.